ಶಿಕ್ಷಣ ಸಾಲ: ಬಡ್ಡಿ ಅಸಲಿಗೆ ಸೇರುವ ದಿನ ಯಾವುದು?

"ಕೆಲಸ ಸಿಕ್ಕ ಮೇಲೆ ಕಟ್ಟಿದರಾಯ್ತು" ಎಂಬ ಧೈರ್ಯದ ಮೇಲೆಯೇ ಬಹಳಷ್ಟು ಶಿಕ್ಷಣ ಸಾಲಗಳು ಶುರುವಾಗುತ್ತವೆ. ಈ ಮಾತು ಎರಡು ಕಡೆ ತಪ್ಪು. ಬಹುತೇಕ ಬ್ಯಾಂಕುಗಳಲ್ಲಿ ಈಗ ಮೊದಲ ಕಂತಿನ ದಿನ ನಿಗದಿಯಾಗುವುದು ಕೋರ್ಸ್ ಮುಗಿಯುವ ದಿನಾಂಕದ ಮೇಲೆ. ಕೆಲಸ ಸಿಕ್ಕಿತೋ ಇಲ್ಲವೋ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದಾಗಿ, ಕಂತು ಕಟ್ಟಬೇಕಿಲ್ಲದ ಕಾಲ ಎಂದರೆ ಬಡ್ಡಿ ಇಲ್ಲದ ಕಾಲ ಎಂದಲ್ಲ. ಕಾಲೇಜಿಗೆ ಮೊದಲ ಶುಲ್ಕ ಪಾವತಿಯಾದ ದಿನದಿಂದಲೇ ಬಡ್ಡಿ ಓಡುತ್ತಿರುತ್ತದೆ. ಅದು ಕಣ್ಣಿಗೆ ಬೀಳುವುದು ಮಾತ್ರ ನಾಲ್ಕೈದು ವರ್ಷಗಳ ನಂತರ, ಒಟ್ಟು ಮೊತ್ತವಾಗಿ.

ಈ ಕಂತಿಲ್ಲದ ಅವಧಿಯನ್ನು ಬ್ಯಾಂಕಿನವರು ಮೊರಟೋರಿಯಂ ಎನ್ನುತ್ತಾರೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಅನುಸರಿಸುವ ಚೌಕಟ್ಟು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ 2001ರಲ್ಲಿ ರೂಪಿಸಿ, ಆಮೇಲೆ ಹಲವು ಸಲ ತಿದ್ದಿದ ಮಾದರಿ ಯೋಜನೆ. ಮೊದಲಿದ್ದ ನಿಯಮದಲ್ಲಿ ಕೋರ್ಸ್ ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕು ಆರು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಆಗ ಕಂತು ಶುರುವಾಗುತ್ತಿತ್ತು. 2015ರ ಪರಿಷ್ಕರಣೆಯ ನಂತರ ಅದು ಸರಳವಾಯಿತು: ಕೋರ್ಸ್ ಅವಧಿ ಮತ್ತು ಅದರ ಮೇಲೆ ಒಂದು ವರ್ಷ. ಮರುಪಾವತಿಗೆ ಗರಿಷ್ಠ 15 ವರ್ಷ. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ, ಅಂದರೆ ಎನ್‌ಬಿಎಫ್‌ಸಿಗಳಿಗೆ, ಈ ಮಾದರಿ ಅನ್ವಯಿಸುವುದಿಲ್ಲ. ಅಲ್ಲಿ ವಿರಾಮ ಆರು ತಿಂಗಳಿಗೇ ಮುಗಿಯಬಹುದು, ಓದುವಾಗಲೇ ತಿಂಗಳ ಬಡ್ಡಿಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಕಟ್ಟಬೇಕಾಗಬಹುದು. ಆದ್ದರಿಂದ ಪಕ್ಕದ ಮನೆಯವರ ಸಾಲದ ನಿಯಮ ಕೇಳಿ ನಿಮ್ಮದನ್ನು ಅಂದಾಜು ಮಾಡಬೇಡಿ. ನಿಮ್ಮ ಮಂಜೂರಾತಿ ಪತ್ರ ತೆಗೆದು ನೋಡಿ. ರಾಜ್ಯದ ನಿಗಮಗಳು ಕೊಡುವ 'ಅರಿವು' ಸಾಲದ ಷರತ್ತುಗಳೂ ಬ್ಯಾಂಕ್ ಸಾಲದ ಷರತ್ತುಗಳೂ ಬೇರೆ ಬೇರೆ. ಎರಡೂ ಇದ್ದವರು ಎರಡು ಪತ್ರಗಳನ್ನೂ ಓದಬೇಕು.

ಆರು ಲಕ್ಷ ಎಂಟು ಲಕ್ಷವಾಗುವ ಬಗೆ

ಒಂದು ಲೆಕ್ಕ ಹಾಕೋಣ. ನಾಲ್ಕು ವರ್ಷದ ಎಂಜಿನಿಯರಿಂಗ್ ಕೋರ್ಸ್, ಆರು ಲಕ್ಷ ಸಾಲ, ಪ್ರತಿ ವರ್ಷದ ಆರಂಭದಲ್ಲಿ ಒಂದೂವರೆ ಲಕ್ಷ ಕಾಲೇಜಿಗೆ ಬಿಡುಗಡೆ, ಬಡ್ಡಿ ಶೇ 10. ಕೋರ್ಸಿನ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ವಿರಾಮ. ಮೊದಲ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ. ವರ್ಷಕ್ಕೆ 15,000 ರೂಪಾಯಿಯಂತೆ 14 ಪಟ್ಟು, ಒಟ್ಟು 2,10,000 ರೂಪಾಯಿ. ಮಾದರಿ ಯೋಜನೆಯ ಪ್ರಕಾರ ಈ ಅವಧಿಯಲ್ಲಿ ಸರಳ ಬಡ್ಡಿ ಮಾತ್ರ. ಕಂತು ಶುರುವಾಗುವ ದಿನ ಅಲ್ಲಿಯವರೆಗಿನ ಬಡ್ಡಿಯೆಲ್ಲ ಅಸಲಿಗೆ ಸೇರುತ್ತದೆ. ಸಾಲ 8,10,000 ರೂಪಾಯಿ ಆಗುತ್ತದೆ.

ಆ ದಿನದಿಂದ 8.10 ಲಕ್ಷದ ಮೇಲೆಯೇ ಬಡ್ಡಿ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 10,704 ರೂಪಾಯಿ. ಮೊದಲ ಕಂತಿನಲ್ಲಿ 6,750 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 3,954 ಮಾತ್ರ. ಒಂದು ವರ್ಷ ತಪ್ಪದೆ ಕಟ್ಟಿದವರು ಸುಮಾರು 1.28 ಲಕ್ಷ ಕಟ್ಟಿರುತ್ತಾರೆ, ಖಾತೆಯಲ್ಲಿ ಬಾಕಿ ಮಾತ್ರ 7.60 ಲಕ್ಷ. ಆರು ಲಕ್ಷ ಸಾಲ ಮಾಡಿ, ವರ್ಷವಿಡೀ ಕಟ್ಟಿ, ಇನ್ನೂ ಏಳೂವರೆ ಲಕ್ಷಕ್ಕಿಂತ ಹೆಚ್ಚು ಬಾಕಿ ಕಂಡಾಗ ಬ್ಯಾಂಕ್ ಏನೋ ತಪ್ಪು ಮಾಡಿದೆ ಎನಿಸುವುದು ಸಹಜ. ಇಲ್ಲಿ ತಪ್ಪು ಲೆಕ್ಕ ಇಲ್ಲ. ಇದನ್ನು ಸಾಲ ಕೊಡುವಾಗಲೇ ಯಾರೂ ಕೂರಿಸಿ ಹೇಳಿರುವುದಿಲ್ಲ, ಅಷ್ಟೆ.

ಆ 2.10 ಲಕ್ಷವನ್ನು ಅಸಲಿಗೆ ಸೇರುವ ಮೊದಲೇ ಕಟ್ಟಿದ್ದರೆ ಕಂತು 7,929 ರೂಪಾಯಿ ಆಗುತ್ತಿತ್ತು. ಹತ್ತು ವರ್ಷದ ಒಟ್ಟು ಲೆಕ್ಕದಲ್ಲಿ ಉಳಿತಾಯ ಸುಮಾರು 1.23 ಲಕ್ಷ. ಹಾಗಾದರೆ ಓದುವಾಗಲೇ ಪ್ರತಿ ತಿಂಗಳು ಬಡ್ಡಿ ಕಟ್ಟಬೇಕೇ? ಈ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000 ರೂಪಾಯಿ. ಕಟ್ಟಿದರೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸರಳ ಬಡ್ಡಿಯ ಸಾಲದಲ್ಲಿ ಒಂದು ಸೂಕ್ಷ್ಮವಿದೆ. ಬಡ್ಡಿಯ ಮೇಲೆ ಬಡ್ಡಿ ಬೀಳದ ಕಾರಣ, ಮೊದಲ ವರ್ಷದ ಬಡ್ಡಿಯನ್ನು ಮೊದಲ ವರ್ಷವೇ ಕಟ್ಟಿದರೂ ಕಂತು ಶುರುವಾಗುವ ಹಿಂದಿನ ವಾರ ಒಟ್ಟಿಗೆ ಕಟ್ಟಿದರೂ ಸಾಲದ ಮಟ್ಟಿಗೆ ಫಲ ಒಂದೇ. ಅಷ್ಟೇ ಹಣವನ್ನು ತಿಂಗಳು ತಿಂಗಳು ಆರ್‌ಡಿಯಲ್ಲಿ ಹಾಕುತ್ತಾ ಬಂದರೆ ಅದಕ್ಕೂ ಒಂದಿಷ್ಟು ಬಡ್ಡಿ ಸಿಗುತ್ತದೆ, ನಡುವೆ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಖರ್ಚು ಬಂದರೆ ಹಣ ಕೈಯಲ್ಲೇ ಇರುತ್ತದೆ. ಸಾಲದ ಖಾತೆಗೆ ಒಮ್ಮೆ ಹೋದ ಹಣ ಹಿಂದಕ್ಕೆ ಬರುವುದಿಲ್ಲ.

ಇದಕ್ಕೆ ಎರಡು ಅಪವಾದಗಳಿವೆ. ಓದುವ ಅವಧಿಯಲ್ಲಿ ಬಡ್ಡಿಯನ್ನು ತಪ್ಪದೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡುತ್ತವೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಈ ಷರತ್ತು ಇದ್ದರೆ ತಿಂಗಳು ತಿಂಗಳು ಕಟ್ಟುವುದೇ ಲಾಭ. ಎರಡನೆಯದು, ನಿಮ್ಮ ಸಾಲದಲ್ಲಿ ಚಕ್ರಬಡ್ಡಿ ಇದ್ದರೆ. ಇದೇ ಸಾಲಕ್ಕೆ ತಿಂಗಳ ಲೆಕ್ಕದ ಚಕ್ರಬಡ್ಡಿ ಹಾಕಿದರೆ ಐದು ವರ್ಷದ ಕೊನೆಗೆ ಬಾಕಿ 8.10 ಲಕ್ಷದ ಬದಲು ಸುಮಾರು 8.55 ಲಕ್ಷ ಆಗುತ್ತದೆ. ಅಂಥ ಸಾಲದಲ್ಲಿ ತಡ ಮಾಡಿದ ಪ್ರತಿ ತಿಂಗಳಿಗೂ ಬೆಲೆ ತೆರಬೇಕು.

ನಿಮ್ಮದು ಯಾವುದು ಎಂದು ತಿಳಿಯಲು ಸಾಲದ ಖಾತೆಯ ಸ್ಟೇಟ್‌ಮೆಂಟ್ ಸಾಕು. ಜುಲೈ ಮತ್ತು ಆಗಸ್ಟ್ ಎರಡೂ 31 ದಿನದ ತಿಂಗಳು; ಡಿಸೆಂಬರ್ ಮತ್ತು ಜನವರಿಯೂ ಹಾಗೆಯೇ. ಹೊಸದಾಗಿ ಶುಲ್ಕ ಬಿಡುಗಡೆಯಾಗದ, ಬಡ್ಡಿದರ ಬದಲಾಗದ ಇಂಥ ಒಂದು ಜೋಡಿ ತಿಂಗಳನ್ನು ಆರಿಸಿಕೊಳ್ಳಿ. ಒಂದೂವರೆ ಲಕ್ಷಕ್ಕೆ ಶೇ 10ರಂತೆ 31 ದಿನದ ಬಡ್ಡಿ 1,274 ರೂಪಾಯಿ. ಎರಡೂ ತಿಂಗಳು 1,274 ಎಂದೇ ಇದ್ದರೆ ಸರಳ ಬಡ್ಡಿ. ಮೊದಲ ತಿಂಗಳು 1,274 ಇದ್ದು ಮರುತಿಂಗಳು 1,285 ಎಂದಾಗಿದ್ದರೆ ಬಡ್ಡಿಗೂ ಬಡ್ಡಿ ಬೀಳುತ್ತಿದೆ. ಮಂಜೂರಾತಿ ಪತ್ರದಲ್ಲಿ ಸರಳ ಬಡ್ಡಿ ಎಂದು ಬರೆದು ಖಾತೆಯಲ್ಲಿ ಹೀಗೆ ನಡೆದಿದ್ದರೆ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸರಿಪಡಿಸಿಕೊಳ್ಳಿ. ಇದನ್ನು ಮೊದಲ ವರ್ಷವೇ ನೋಡಿಬಿಟ್ಟರೆ ಹತ್ತು ರೂಪಾಯಿಯ ತಕರಾರು. ಐದನೇ ವರ್ಷ ನೋಡಿದರೆ ಸಾವಿರಗಳ ತಕರಾರು.

ಸರ್ಕಾರ ಕಟ್ಟುವ ಬಡ್ಡಿ

ಈ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆಗಳಿವೆ. ಅವುಗಳಿಗೆ ಅರ್ಹರಾದವರು ಅವಸರದಲ್ಲಿ ತಾವೇ ಬಡ್ಡಿ ಕಟ್ಟಿಬಿಡುವ ಮೊದಲು ಶಾಖೆಯಲ್ಲಿ ವಿಚಾರಿಸಬೇಕು. 2009-10ನೇ ಶೈಕ್ಷಣಿಕ ಸಾಲಿನಿಂದ ಇರುವ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿರುವ, ದೇಶದೊಳಗೆ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುವವರ ಮೊರಟೋರಿಯಂ ಅವಧಿಯ ಪೂರ್ತಿ ಬಡ್ಡಿ ಸರ್ಕಾರದ್ದು. ಇದನ್ನು ನಿರ್ವಹಿಸುವ ನೋಡಲ್ ಬ್ಯಾಂಕ್ ಕೆನರಾ ಬ್ಯಾಂಕ್. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಿದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದವರೆಗೆ ಇದ್ದು ಬೇರೆ ಯೋಜನೆಯ ನೆರವು ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಮೊರಟೋರಿಯಂ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿ ಇದೆ; ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಎಂಬ ಮಿತಿಯೂ ಇದೆ. ಮೇಲಿನ ಉದಾಹರಣೆಗೆ ಹಚ್ಚಿದರೆ 2.10 ಲಕ್ಷ ಬಡ್ಡಿಯಲ್ಲಿ 63,000 ರೂಪಾಯಿ ಇಳಿಯುತ್ತದೆ.

ಇಲ್ಲಿ ಕೈತಪ್ಪುವುದು ಸಾಮಾನ್ಯವಾಗಿ ದಾಖಲೆಗಳಲ್ಲಿ. ಆದಾಯ ಪ್ರಮಾಣಪತ್ರ ಸಕಾಲಕ್ಕೆ ಶಾಖೆ ತಲುಪಿರಬೇಕು, ಬ್ಯಾಂಕಿನವರು ಪೋರ್ಟಲ್‌ನಲ್ಲಿ ಸಹಾಯಧನದ ಕ್ಲೇಮ್ ಸಲ್ಲಿಸಿರಬೇಕು. ಪ್ರಮಾಣಪತ್ರ ಕೊಟ್ಟಿದ್ದೇವೆ ಎಂದು ನಂಬಿ ಕೂತವರ ಖಾತೆಗೆ ಸಹಾಯಧನ ಬಾರದೇ ಹೋಗಿ, ಆ ಬಡ್ಡಿಯೂ ಅಸಲಿಗೆ ಸೇರಿಬಿಡಬಹುದು. ಕೊಟ್ಟ ದಾಖಲೆಗೆ ಶಾಖೆಯ ಮೊಹರು ಇರುವ ಸ್ವೀಕೃತಿ ಪಡೆಯಿರಿ. ಪ್ರತಿ ವರ್ಷ ಸ್ಟೇಟ್‌ಮೆಂಟ್ ತೆಗೆದು ಸಹಾಯಧನ ಜಮೆಯಾದ ಸಾಲು ಇದೆಯೇ ಎಂದು ಹುಡುಕಿ. ಓದನ್ನು ನಡುವೆ ಬಿಟ್ಟವರಿಗೆ ಈ ನೆರವು ಮುಂದುವರಿಯುವುದಿಲ್ಲ. ವೈದ್ಯಕೀಯ ಕಾರಣವಿದ್ದರೆ ಅದಕ್ಕೆ ದಾಖಲೆ ಇಟ್ಟುಕೊಳ್ಳಬೇಕು.

ದಿನಾಂಕದಲ್ಲೇ ಎಡವುವುದು

ನನ್ನ ದೃಷ್ಟಿಯಲ್ಲಿ ಶಿಕ್ಷಣ ಸಾಲದ ತೊಂದರೆಗಳಲ್ಲಿ ದೊಡ್ಡ ಪಾಲು ಹಣದ ಕೊರತೆಯಿಂದ ಶುರುವಾಗುವುದಿಲ್ಲ, ದಿನಾಂಕದ ಗೊಂದಲದಿಂದ ಶುರುವಾಗುತ್ತದೆ. ಸಾಲ ಮಂಜೂರು ಮಾಡುವಾಗಲೇ ಬ್ಯಾಂಕಿನ ಕಂಪ್ಯೂಟರಿನಲ್ಲಿ ಕೋರ್ಸ್ ಮುಗಿಯುವ ತಿಂಗಳು ಮತ್ತು ಮೊದಲ ಕಂತಿನ ದಿನಾಂಕ ದಾಖಲಾಗಿರುತ್ತದೆ. ವಿಶ್ವವಿದ್ಯಾಲಯದ ಪರೀಕ್ಷೆ ಮುಂದಕ್ಕೆ ಹೋದದ್ದು, ಒಂದೆರಡು ವಿಷಯ ಬಾಕಿ ಉಳಿದು ವರ್ಷ ಹೆಚ್ಚಾದದ್ದು, ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಸೇರಿ ಕೋರ್ಸ್ ಒಂದು ವರ್ಷ ಕಡಿಮೆಯಾದದ್ದು, ಇವೆಲ್ಲ ಆ ಯಂತ್ರಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ನೀವು ಇನ್ನೂ ಎಂಟನೇ ಸೆಮಿಸ್ಟರಿನ ಬಾಕಿ ವಿಷಯ ಬರೆಯುತ್ತಿರುವಾಗಲೇ ಅಲ್ಲಿ ಕಂತು ಬಿದ್ದು, ಕಟ್ಟದ ಕಾರಣಕ್ಕೆ ಸುಸ್ತಿ ಎಂದು ದಾಖಲಾಗಬಹುದು.

ಕೋರ್ಸ್ ನಿಗದಿತ ಸಮಯದಲ್ಲಿ ಮುಗಿಯದಿದ್ದರೆ ಗರಿಷ್ಠ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಅದು ಅರ್ಜಿ ಕೊಟ್ಟವರಿಗೆ ಮಾತ್ರ. ಕಾಲೇಜಿನಿಂದ ಒಂದು ದೃಢೀಕರಣ ಪತ್ರ ತೆಗೆದುಕೊಂಡು, ಹೀಗೆ ನಾಲ್ಕು ಸಾಲು ಬರೆದರೆ ಸಾಕು:

"ಮಾನ್ಯರೇ, ಮಂಜೂರಾತಿ ಪತ್ರದ ಪ್ರಕಾರ ನನ್ನ ಕೋರ್ಸ್ ಈ ವರ್ಷದ ಜೂನ್ ತಿಂಗಳಿಗೆ ಮುಗಿಯಬೇಕಿತ್ತು. ಎರಡು ವಿಷಯಗಳು ಬಾಕಿ ಇರುವುದರಿಂದ ಮುಂದಿನ ಜನವರಿವರೆಗೆ ಮುಂದುವರಿಯಲಿದೆ. ಕಾಲೇಜಿನ ದೃಢೀಕರಣ ಪತ್ರ ಲಗತ್ತಿಸಿದ್ದೇನೆ. ದಯವಿಟ್ಟು ಕೋರ್ಸ್ ಅವಧಿಯನ್ನು ವಿಸ್ತರಿಸಿ, ಮೊದಲ ಕಂತಿನ ದಿನಾಂಕವನ್ನು ಬದಲಿಸಿ, ಪರಿಷ್ಕೃತ ಮರುಪಾವತಿ ಪಟ್ಟಿಯನ್ನು ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯವೇ ಮುಖ್ಯ. "ಆಯ್ತು, ಮಾಡ್ತೀವಿ" ಎಂಬ ಬಾಯಿಮಾತಿನಿಂದ ಕಂಪ್ಯೂಟರಿನ ದಿನಾಂಕ ಬದಲಾಗುವುದಿಲ್ಲ, ಮ್ಯಾನೇಜರ್ ವರ್ಗವಾಗಿ ಹೋದರೆ ಆ ಮಾತಿಗೆ ಸಾಕ್ಷಿಯೂ ಇರುವುದಿಲ್ಲ. ಪರಿಷ್ಕೃತ ಪಟ್ಟಿ ಕೈಗೆ ಬಂದರೆ ಮಾತ್ರ ಕೆಲಸ ಆಯಿತು ಎಂದರ್ಥ. ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಸೇರುವವರೂ ಹೀಗೆಯೇ ಪ್ರವೇಶದ ದಾಖಲೆಯೊಂದಿಗೆ ಅರ್ಜಿ ಕೊಡಬೇಕು. ಅದಕ್ಕೂ ಸಾಲ ಪಡೆದರೆ ಎರಡನ್ನೂ ಸೇರಿಸಿ, ಎರಡನೇ ಕೋರ್ಸ್ ಮುಗಿದ ನಂತರ ಮರುಪಾವತಿ ನಿಗದಿ ಮಾಡುವ ಕ್ರಮ ಬ್ಯಾಂಕುಗಳಲ್ಲಿದೆ.

ಮೊದಲ ಕಂತಿಗೆ ಆರು ತಿಂಗಳು ಇರುವಾಗ ಒಮ್ಮೆ ಶಾಖೆಗೆ ಹೋಗುವುದು ಒಳ್ಳೆಯದು. ಓದಲು ಹೋಗುವಾಗ ಕೊಟ್ಟ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ, ಸಂದೇಶಗಳು ಯಾರಿಗೋ ಹೋಗುತ್ತಿರುತ್ತವೆ. ಅದನ್ನು ಸರಿಪಡಿಸಿ. ಸಂಬಳದ ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ನ್ಯಾಚ್ ಅನುಮತಿ ಕೊಡಿ. ಅದು ನೋಂದಣಿಯಾಗಲು ಸಮಯ ಬೇಕು, ಆದ್ದರಿಂದ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕಂತಿನ ದಿನಾಂಕ ಸಂಬಳ ಬರುವ ದಿನಕ್ಕಿಂತ ನಾಲ್ಕೈದು ದಿನ ಆಚೆ ಇರಲಿ. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಸಂಬಳದ ಖಾತೆಯ ಬ್ಯಾಂಕೂ ಸಾಲ ಕೊಟ್ಟ ಬ್ಯಾಂಕೂ ಪ್ರತ್ಯೇಕವಾಗಿ ಶುಲ್ಕ ಹಾಕಬಹುದು. ಗ್ರಾಮೀಣ ಬ್ಯಾಂಕುಗಳಲ್ಲಿ ಸಾಲ ಇರುವವರು ಇನ್ನೊಂದನ್ನು ನೋಡಬೇಕು: 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಒಂದಾಗಿವೆ. ಹಳೆಯ ಪಾಸ್‌ಬುಕ್ ನೋಡಿ ಹಣ ಕಳಿಸುವ ಮೊದಲು ಈಗಿನ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಖಚಿತಪಡಿಸಿಕೊಳ್ಳಿ.

ಅದೇ ಭೇಟಿಯಲ್ಲಿ, ಅಸಲಿಗೆ ಸೇರಲಿರುವ ಬಡ್ಡಿ ಎಷ್ಟು, ಯಾವ ದಿನ ಸೇರುತ್ತದೆ ಎಂದು ಬರೆಸಿಕೊಳ್ಳಿ. ಆರ್‌ಡಿಯಲ್ಲಿ ಕೂಡಿಟ್ಟದ್ದು, ಮೊದಲ ಕೆಲಸದ ಒಂದಿಷ್ಟು ಸಂಬಳ, ಏನು ಇದ್ದರೂ ಅದನ್ನು ಕಟ್ಟಲು ಸರಿಯಾದ ಸಮಯ ಆ ದಿನಕ್ಕೆ ಮುಂಚೆ. ಪೂರ್ತಿ 2.10 ಲಕ್ಷ ಆಗದಿದ್ದರೂ ಚಿಂತೆಯಿಲ್ಲ. ವಿರಾಮದ ಕೊನೆಯ ವರ್ಷದ 60,000 ರೂಪಾಯಿಯನ್ನಷ್ಟೇ ಕಟ್ಟಿದರೂ ಅಸಲು 7.50 ಲಕ್ಷಕ್ಕೆ ನಿಲ್ಲುತ್ತದೆ, ಹತ್ತು ವರ್ಷದ ಕಂತು ಸುಮಾರು 793 ರೂಪಾಯಿ ಇಳಿಯುತ್ತದೆ.

ಹತ್ತು ವರ್ಷವೋ ಹದಿನೈದೋ

8.10 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸುವುದಾದರೆ ಕಂತು ಸುಮಾರು 13,447 ರೂಪಾಯಿ, ಒಟ್ಟು ಕಟ್ಟುವುದು 11.30 ಲಕ್ಷ. ಹತ್ತು ವರ್ಷಕ್ಕೆ 10,704ರಂತೆ 12.84 ಲಕ್ಷ. ಹದಿನೈದು ವರ್ಷಕ್ಕೆ 8,704ರಂತೆ 15.67 ಲಕ್ಷ. ಹತ್ತರಿಂದ ಹದಿನೈದಕ್ಕೆ ಹೋದಾಗ ತಿಂಗಳಿಗೆ ಉಳಿಯುವುದು ಎರಡು ಸಾವಿರ, ಕೊನೆಯಲ್ಲಿ ಹೆಚ್ಚು ತೆರುವುದು 2.82 ಲಕ್ಷ. ಹದಿನೈದು ವರ್ಷದ ಸಾಲದ ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು ಬರೀ 1,954 ರೂಪಾಯಿ.

ಅಂಕಿ ಹೀಗಿದ್ದರೂ, ಸಂಬಳ ಇನ್ನೂ ಭದ್ರವಾಗಿಲ್ಲದವರು ಕಾಗದದ ಮೇಲೆ ದೀರ್ಘ ಅವಧಿ ಪಡೆದು, ಕೈಲಾದಾಗ ಹೆಚ್ಚು ಕಟ್ಟುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಕಾರಣ ಸರಳ: ವ್ಯಕ್ತಿಗಳಿಗೆ ಕೊಟ್ಟ ಬದಲಾಗುವ ಬಡ್ಡಿದರದ ಸಾಲಗಳನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಹದಿನೈದು ವರ್ಷದ ಸಾಲಕ್ಕೆ ತಿಂಗಳಿಗೆ 10,704 ಕಟ್ಟುತ್ತಾ ಹೋದರೆ ಅದು ಹತ್ತು ವರ್ಷದಲ್ಲೇ ತೀರುತ್ತದೆ. ಕೆಲಸ ಹೋದ ತಿಂಗಳು 8,704 ಕಟ್ಟಿದರೂ ಸುಸ್ತಿದಾರರಾಗುವುದಿಲ್ಲ. ಹತ್ತು ವರ್ಷದ ಸಾಲದಲ್ಲಿ ಈ ಉಸಿರಾಡುವ ಜಾಗ ಇಲ್ಲ. ಆದರೆ ಹೆಚ್ಚುವರಿ ಕಟ್ಟುವ ಶಿಸ್ತು ತನಗಿಲ್ಲ ಎಂದು ಗೊತ್ತಿರುವವರು ಹತ್ತು ವರ್ಷದ್ದನ್ನೇ ಆರಿಸಲಿ.

ಹೆಚ್ಚುವರಿ ಹಣ ಕಟ್ಟುವಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಕೆಲವು ಕಡೆ ಅದನ್ನು ಮುಂದಿನ ಕಂತುಗಳ ಮುಂಗಡವೆಂದು ಬದಿಗಿಡುತ್ತಾರೆ, ಅಸಲು ಇಳಿಯುವುದಿಲ್ಲ. "ಅಸಲಿಗೆ ಜಮೆ ಮಾಡಿ, ಕಂತು ಹಾಗೆಯೇ ಇರಲಿ, ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಡಿ. ನಮ್ಮ ಉದಾಹರಣೆಯ ಹತ್ತು ವರ್ಷದ ಸಾಲದಲ್ಲಿ ಮೊದಲ ವರ್ಷದ ಕೊನೆಗೆ 50,000 ರೂಪಾಯಿ ಹೀಗೆ ಕಟ್ಟಿದರೆ ಕೊನೆಯ 11 ಕಂತುಗಳು ಇಲ್ಲವಾಗುತ್ತವೆ, ಸುಮಾರು 67,000 ರೂಪಾಯಿ ಬಡ್ಡಿ ಉಳಿಯುತ್ತದೆ. ಇದೇ ಮೊತ್ತವನ್ನು ಎಂಟನೇ ವರ್ಷ ಕಟ್ಟಿದರೆ ಇಷ್ಟು ಫಲವಿಲ್ಲ.

ಆರಂಭದಲ್ಲಿ ಕಡಿಮೆ ಕಂತು, ಸಂಬಳ ಏರಿದಂತೆ ಹೆಚ್ಚು ಕಂತು ಎಂಬ ಏರಿಕೆ ಕ್ರಮದ ಮರುಪಾವತಿಯೂ ಮಾದರಿ ಯೋಜನೆಯಲ್ಲಿದೆ. ಕೇಳದೆ ಯಾರೂ ಅದನ್ನು ಮುಂದಿಡುವುದಿಲ್ಲ. ಮೊದಲ ವರ್ಷಗಳ ಕಂತು ಆ ತಿಂಗಳ ಬಡ್ಡಿಯನ್ನಾದರೂ ಪೂರ್ತಿ ಮುಟ್ಟುವಂತಿದ್ದರೆ ಮಾತ್ರ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಕಟ್ಟುತ್ತಲೇ ಸಾಲ ಬೆಳೆಯುತ್ತದೆ.

ಬಡ್ಡಿದರದ ಬಗ್ಗೆಯೂ ಒಂದು ಮಾತು. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಶಿಕ್ಷಣ ಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆಯಾಗಬೇಕು. 2025ರಲ್ಲಿ ರೆಪೊ ದರ ಶೇ 6.5ರಿಂದ 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್ 1ಕ್ಕಿಂತ ಹಳೆಯ ಸಾಲಗಳಿಗೆ ಈ ಇಳಿಕೆ ತಾನಾಗಿ ಪೂರ್ತಿ ತಲುಪುವುದಿಲ್ಲ. ಹೊಸ ಮಾನದಂಡಕ್ಕೆ ಬದಲಿಸಿಕೊಡಲು ಅರ್ಜಿ ಕೊಡಬಹುದು. ದರ ಇಳಿದಾಗ ಕಂತು ಕಡಿಮೆಯಾಗಿದೆಯೋ ಅವಧಿ ಕಡಿಮೆಯಾಗಿದೆಯೋ ಎಂದು ಕೇಳಿ ತಿಳಿಯಿರಿ.

ಕೆಲಸ ಸಿಗದಿದ್ದರೆ

ವಿರಾಮದ ಒಂದು ವರ್ಷ ಮುಗಿಯುತ್ತ ಬಂದರೂ ಕೆಲಸವಿಲ್ಲ, ಅಥವಾ ಸಿಕ್ಕ ಸಂಬಳ ಕಂತಿಗೆ ಸಾಲದು. ಈ ಪರಿಸ್ಥಿತಿಗೂ ಮಾದರಿ ಯೋಜನೆಯಲ್ಲಿ ದಾರಿ ಇದೆ. ನಿರುದ್ಯೋಗ ಅಥವಾ ಅರೆ ಉದ್ಯೋಗದ ಕಾಲಕ್ಕೆ ಸಾಲದ ಆಯುಷ್ಯದಲ್ಲಿ ಎರಡು ಮೂರು ಬಾರಿ ಹೆಚ್ಚುವರಿ ವಿರಾಮ ಕೊಡಬಹುದು. ಸ್ವಂತ ನವೋದ್ಯಮ ಆರಂಭಿಸುವವರಿಗೂ ಇಂಥ ಅವಕಾಶವಿದೆ. ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ. ಬ್ಯಾಂಕಿನ ಮನಸ್ಸು ಒಲಿಯುವುದು ಒಂದೂ ಕಂತು ತಪ್ಪುವ ಮೊದಲೇ ಬಂದ ಅರ್ಜಿಗೆ. ಎರಡು ತಿಂಗಳು ಫೋನ್ ಎತ್ತದೆ ಇದ್ದು ಮೂರನೇ ತಿಂಗಳು ಹೋದರೆ ಅದೇ ಅಧಿಕಾರಿಯ ಕೈ ಕಟ್ಟಿರುತ್ತದೆ.

ಏಕೆಂದರೆ ಗಡಿಯಾರ ಹೀಗೆ ಓಡುತ್ತದೆ. ಕಂತು ತಪ್ಪಿದ ಖಾತೆಯನ್ನು ಬ್ಯಾಂಕ್ ವಿಶೇಷ ನಿಗಾ ಖಾತೆ, ಅಂದರೆ ಎಸ್‌ಎಂಎ ಎಂದು ಗುರುತಿಸುತ್ತದೆ. ಮೊದಲ 30 ದಿನ ಅದು ಎಸ್‌ಎಂಎ-0, 31ರಿಂದ 60 ದಿನ ಎಸ್‌ಎಂಎ-1, 61ರಿಂದ 90 ದಿನ ಎಸ್‌ಎಂಎ-2. 90 ದಿನ ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಇದು ವಿದ್ಯಾರ್ಥಿಯ ಸಿಬಿಲ್ (ಸಾಲದ ಇತಿಹಾಸದ) ದಾಖಲೆಗೂ ಸಹ-ಸಾಲಗಾರರಾದ ತಂದೆ ತಾಯಿಯ ದಾಖಲೆಗೂ ಸೇರುತ್ತದೆ. ಮಗನ ಎರಡು ಕಂತು ತಪ್ಪಿದ ಕಾರಣಕ್ಕೆ ಅಪ್ಪನ ಮನೆ ಸಾಲದ ಅರ್ಜಿ ನಿಲ್ಲಬಹುದು. ಏಳೂವರೆ ಲಕ್ಷ ಮೀರಿದ ಸಾಲಗಳಿಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಇರುವುದರಿಂದ ಅಲ್ಲಿ ಅಪಾಯ ಇನ್ನೂ ದೊಡ್ಡದು.

ಬ್ಯಾಂಕ್ ಸಹಾಯಕ್ಕೆ ಒಪ್ಪಿದಾಗ ಒಂದು ಪ್ರಶ್ನೆ ಕೇಳಿ: ಇದು ಯೋಜನೆಯಲ್ಲೇ ಇರುವ ಮೊರಟೋರಿಯಂ ವಿಸ್ತರಣೆಯೋ, ಸಾಲದ ಪುನರ್‌ರಚನೆಯೋ? ಪುನರ್‌ರಚನೆ ಎಂದಾದರೆ ಆ ಗುರುತು ಸಿಬಿಲ್ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಬೇರೆ ದಾರಿ ಇಲ್ಲದಾಗ ಅದೂ ಸರಿಯೇ, ಎನ್‌ಪಿಎಗಿಂತ ಎಷ್ಟೋ ಮೇಲು. ವಿಸ್ತರಿಸಿದ ವಿರಾಮದಲ್ಲೂ ಬಡ್ಡಿ ನಿಲ್ಲುವುದಿಲ್ಲ, 8.10 ಲಕ್ಷಕ್ಕೆ ಆರು ತಿಂಗಳಲ್ಲಿ 40,500 ರೂಪಾಯಿ ಬೆಳೆಯುತ್ತದೆ. ಮನೆಯವರು ತಿಂಗಳಿಗೆ ಎರಡು ಸಾವಿರವನ್ನಾದರೂ ಹಾಕುತ್ತಿದ್ದರೆ ಸಾಲಗಾರ ಸಂಪರ್ಕದಲ್ಲಿದ್ದಾನೆ ಎಂಬ ದಾಖಲೆಯಾಗುತ್ತದೆ, ಬಡ್ಡಿಯ ಭಾರವೂ ಒಂದಿಷ್ಟು ಇಳಿಯುತ್ತದೆ.

ಕಂತು ತಪ್ಪಿದಾಗ ಬ್ಯಾಂಕ್ ದಂಡ ಶುಲ್ಕ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ ಇದನ್ನು ಸ್ಪಷ್ಟ ಮಾಡಿದೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಶಾಖೆಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು. ಅದಕ್ಕೆ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಒಂದೇ ಬಾರಿಗೆ ಕಡಿಮೆ ಮೊತ್ತ ಕಟ್ಟಿ ಮುಗಿಸುವ ರಾಜಿಗೆ ಒಪ್ಪುವ ಮೊದಲು ಯೋಚಿಸಿ. ಸಿಬಿಲ್‌ನಲ್ಲಿ ಅದು ತೀರಿದ ಸಾಲ ಎಂದು ಬರುವುದಿಲ್ಲ, ರಾಜಿಯಲ್ಲಿ ಮುಗಿದದ್ದು ಎಂದು ಬರುತ್ತದೆ.

ತೆರಿಗೆ ವಿನಾಯಿತಿ ಎಷ್ಟು ಮುಖ್ಯ?

1961ರ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ ಶಿಕ್ಷಣ ಸಾಲದ ಬಡ್ಡಿಗೆ ಮೊತ್ತದ ಮಿತಿಯಿಲ್ಲದೆ ಕಡಿತ ಕೊಡುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬೇರೆ. ಅಸಲಿಗೆ ಕಡಿತವಿಲ್ಲ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷ ಸೇರಿ ಒಟ್ಟು ಎಂಟು ವರ್ಷ ಮಾತ್ರ ಇದು ಸಿಗುತ್ತದೆ. ಆದಾಯವೇ ಇಲ್ಲದ ವಿದ್ಯಾರ್ಥಿ ಓದುವಾಗ ತನ್ನ ಹೆಸರಿನಲ್ಲಿ ಬಡ್ಡಿ ಕಟ್ಟಲು ಶುರುಮಾಡಿದರೆ ಆ ಎಂಟರಲ್ಲಿ ನಾಲ್ಕೈದು ವರ್ಷ ವ್ಯರ್ಥವಾಗಿ ಕಳೆದುಹೋಗುತ್ತವೆ. ಬಡ್ಡಿಯನ್ನು ಕೂಡಿಟ್ಟು ಕೊನೆಯಲ್ಲಿ ಕಟ್ಟುವುದಕ್ಕೆ ಇದು ಇನ್ನೊಂದು ಕಾರಣ.

ಹಾಗೆಂದು ತೆರಿಗೆ ಉಳಿತಾಯಕ್ಕಾಗಿ ಸಾಲವನ್ನು ಎಳೆಯಬೇಡಿ. ಈ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಮೊದಲ ಕೆಲಸಕ್ಕೆ ಸೇರಿದ ಹೆಚ್ಚಿನವರ ಸಂಬಳ ಅದರೊಳಗೇ ಇರುತ್ತದೆ, ಅವರಿಗೆ 80ಇಯಿಂದ ಸಿಗುವುದೇನೂ ಇಲ್ಲ.

ಕೊನೆಯ ಕಂತು ಕಟ್ಟಿದ ಮೇಲೂ ಸ್ವಲ್ಪ ಕೆಲಸ ಉಳಿಯುತ್ತದೆ. ಖಾತೆಯಲ್ಲಿ ಕೆಲವೇ ರೂಪಾಯಿ ಬಡ್ಡಿ ಬಾಕಿ ಉಳಿದು ಖಾತೆ ಮುಚ್ಚದೆ ಹೋಗುವುದುಂಟು, ಆದ್ದರಿಂದ ಆ ದಿನದ ಬಾಕಿಯನ್ನು ಶಾಖೆಯಿಂದ ಬರೆಸಿಕೊಂಡೇ ಕಟ್ಟಿ. ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ, ನ್ಯಾಚ್ ಅನುಮತಿ ರದ್ದು ಮಾಡಿಸಿ. ಆಸ್ತಿ ಪತ್ರ ಅಡವಿಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಬ್ಯಾಂಕ್ ಹಿಂದಿರುಗಿಸಬೇಕು; ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಒಂದೆರಡು ತಿಂಗಳ ನಂತರ ನಿಮ್ಮ ಮತ್ತು ಸಹ-ಸಾಲಗಾರರ ಸಿಬಿಲ್ ವರದಿ ತೆಗೆದು ಸಾಲ ಮುಕ್ತಾಯ ಎಂದು ಬಂದಿದೆಯೇ ನೋಡಿ. ಬಾರದಿದ್ದರೆ ದೂರು ಸಲ್ಲಿಸಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.